ಕಿಟ್ ಲೆನ್ಸ್ ಆದ ಮೇಲೆ ಯಾವುದು? ಇರುವ ದುಡ್ಡಿನಲ್ಲಿ ಲೆನ್ಸ್ ಆರಿಸುವ ಬಗೆ

"ಹದಿನೈದು ಸಾವಿರ ಇದೆ, ಯಾವ ಲೆನ್ಸ್ ತಗೊಳ್ಲಿ?" ಕ್ಯಾಮೆರಾ ಕೊಂಡು ಆರೆಂಟು ತಿಂಗಳಾದವರು ಯಾರೇ ಸಿಕ್ಕರೂ ಇದನ್ನೇ ಕೇಳುತ್ತಾರೆ. ನಾನು ಲೆನ್ಸಿನ ಹೆಸರು ಹೇಳುವ ಮೊದಲು ಅವರ ಲ್ಯಾಪ್‌ಟಾಪ್ ತೆಗೆಸುತ್ತೇನೆ. ಯಾವುದು ಬೇಕು ಅನ್ನೋದು ಅವರು ಈಗಾಗಲೇ ತೆಗೆದ ಫೋಟೋಗಳಲ್ಲೇ ಇರುತ್ತದೆ.

ನಿಮ್ಮ ಹತ್ತಿರ ಕ್ಯಾನನ್ ಅಥವಾ ನಿಕಾನ್‌ನ ಸಾಮಾನ್ಯ ಡಿಎಸ್‌ಎಲ್‌ಆರ್ ಇದೆ, ಜೊತೆಗೆ ಬಂದ 18-55 ಕಿಟ್ ಲೆನ್ಸ್ ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಸೋನಿ, ಫ್ಯೂಜಿ ಇದ್ದರೂ ಲೆಕ್ಕ ಹಾಕುವ ರೀತಿ ಒಂದೇ, ಲೆನ್ಸಿನ ಹೆಸರು ಮಾತ್ರ ಬೇರೆ.

ಮೊದಲು ಹಳೆಯ ಫೋಟೋ ತೆರೆದು ನೋಡಿ

ಕಳೆದ ಆರು ತಿಂಗಳಲ್ಲಿ ತೆಗೆದ ಫೋಟೋಗಳಲ್ಲಿ ನಿಮಗೆ ಇಷ್ಟವಾದ ಐವತ್ತು, ಕೆಟ್ಟುಹೋಯಿತಲ್ಲ ಅಂತ ಹೊಟ್ಟೆ ಉರಿಸಿದ ಐವತ್ತು ಬೇರೆ ಮಾಡಿ. ವಿಂಡೋಸ್‌ನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಡಿಟೇಲ್ಸ್ ಒತ್ತಿದರೆ ಫೋಕಲ್ ಲೆಂತ್ (ಝೂಮ್ ಎಷ್ಟಿತ್ತು), ಅಪರ್ಚರ್ (ಬೆಳಕು ಬಿಡುವ ಕಿಂಡಿ), ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಬಿತ್ತು), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಲ್ಲ ಕಾಣುತ್ತದೆ. ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ.

ಹಾಳೆ ಮುಗಿಯುವಷ್ಟರಲ್ಲಿ ನಿಮ್ಮ ಕಾಯಿಲೆ ಗೊತ್ತಾಗಿರುತ್ತದೆ. ಗೀಟುಗಳೆಲ್ಲ 55ರ ಹತ್ತಿರ ಗುಂಪಾಗಿದ್ದರೆ ನಿಮಗೆ ದೂರ ಸಾಲುತ್ತಿಲ್ಲ. 18ರ ಹತ್ತಿರ ಇದ್ದರೆ ಅಗಲ ಸಾಲುತ್ತಿಲ್ಲ. ಕೆಟ್ಟ ಫೋಟೋಗಳಲ್ಲಿ ಶಟರ್ 1/15, 1/20 ಅಂತಲೂ ಐಎಸ್‌ಒ 6400 ಅಂತಲೂ ಬರುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ಹೂವು, ಇರುವೆ, ಚಿಟ್ಟೆಯ ಫೋಟೋಗಳೇ ಇದ್ದು ಎಲ್ಲದರಲ್ಲೂ ಚಿಟ್ಟೆ ಉಗುರಿನಷ್ಟೇ ಕಾಣುತ್ತಿದ್ದರೆ ಹತ್ತಿರ ಸಾಲುತ್ತಿಲ್ಲ.

ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಿ. ನಾಲ್ಕನ್ನೂ ಒಂದೇ ಲೆನ್ಸ್‌ನಲ್ಲಿ ತೀರಿಸಲು ಹೊರಟವರು ಕೊನೆಗೆ 18-300 ಥರದ ಲೆನ್ಸ್ ತಂದು, ಬೆಳಕಿನ ಗೋಳನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಪ್ರವಾಸಕ್ಕೆ ಅದು ಚೆನ್ನ, ಅನುಮಾನವಿಲ್ಲ. ಆದರೆ ಕಿಟ್ ಲೆನ್ಸ್ ಕೈಯಲ್ಲಿದ್ದಾಗ ಅದರ ಮೇಲೆ ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಲೆನ್ಸ್ ಮೂತಿಯ ಮೇಲಿನ ಬರಹ

ಕಿಟ್ ಲೆನ್ಸ್ ಕೈಗೆ ತಗೊಂಡು ಮುಂದಿನ ಗಾಜಿನ ಸುತ್ತ ಬರೆದಿರುವುದನ್ನು ಓದಿ. 18-55 ಅಂದರೆ ಫೋಕಲ್ ಲೆಂತ್. 1:3.5-5.6 ಅಂದರೆ 18ರಲ್ಲಿ ಅಪರ್ಚರ್ ಎಫ್ 3.5ರ ತನಕ ತೆರೆಯುತ್ತದೆ, 55ಕ್ಕೆ ಝೂಮ್ ಮಾಡಿದರೆ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಸೊನ್ನೆಗೆ ಅಡ್ಡಗೀಟು ಎಳೆದ ಗುರುತಿನ ಪಕ್ಕ ಇರುವ ಅಂಕೆ ಫಿಲ್ಟರ್ ಅಳತೆ, ಮಿಲಿಮೀಟರ್‌ನಲ್ಲಿ. ಕ್ಯಾಪ್, ಫಿಲ್ಟರ್ ಕೊಳ್ಳುವಾಗ ಬೇಕಾಗುವುದು ಅದೇ.

ಎಫ್ ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಷ್ಟು ದೊಡ್ಡದು ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ: ದೊಡ್ಡ ಅಂಕೆಯನ್ನು ಚಿಕ್ಕದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 5.6 ಭಾಗಿಸು 1.8, ಸುಮಾರು 3.1. ಅದನ್ನು ಅದರಿಂದಲೇ ಗುಣಿಸಿದರೆ ಹತ್ತರ ಹತ್ತಿರ. ಅಂದರೆ ಎಫ್ 1.8ರ ಲೆನ್ಸ್ ನಿಮ್ಮ ಕಿಟ್ ಲೆನ್ಸಿನ 55ರ ತುದಿಗಿಂತ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ.

ಇದನ್ನು ಯಕ್ಷಗಾನದ ರಂಗಸ್ಥಳಕ್ಕೆ ತಗೊಂಡು ಹೋಗೋಣ. ರಾತ್ರಿ ಹನ್ನೊಂದು ಗಂಟೆ, ವೇಷಧಾರಿ ಗಿರಕಿ ಹೊಡೆಯುತ್ತಿದ್ದಾನೆ. ಕಿಟ್ ಲೆನ್ಸ್‌ನಲ್ಲಿ ಐಎಸ್‌ಒ 6400 ಇಟ್ಟರೂ ಶಟರ್ 1/20 ಬರುತ್ತಿದೆ ಅಂದರೆ ಸಿಗುವುದು ಬಣ್ಣದ ಗಂಜಿ. ಅದೇ ಬೆಳಕಿನಲ್ಲಿ ಎಫ್ 1.8 ಲೆನ್ಸ್ 1/200 ಕೊಡುತ್ತದೆ. ಕುಣಿತದ ಕಾಲು ನಿಲ್ಲುತ್ತದೆ. ಭಾಗವತರ ಫೋಟೋ ಆದರೆ ಅವರು ಕೂತೇ ಇರುತ್ತಾರೆ, 1/50 ಸಾಕು, ಐಎಸ್‌ಒ 1600ಕ್ಕೆ ಇಳಿಸಬಹುದು. ಹೊಸ ಕ್ಯಾಮೆರಾ ಬಾಡಿ ಕೊಳ್ಳಲು ಐವತ್ತು ಸಾವಿರ ಹಾಕಿದರೂ ಇಷ್ಟು ವ್ಯತ್ಯಾಸ ಬರುವುದು ಕಷ್ಟ.

ಒಂದು ತೊಂದರೆ ಇದೆ. 1.8ರಲ್ಲಿ ಫೋಕಸ್ ಆಗುವ ಜಾಗ ತೀರಾ ತೆಳ್ಳಗಿರುತ್ತದೆ. ಹತ್ತಿರದಿಂದ ಮುಖ ತೆಗೆದರೆ ಕಣ್ಣು ಚೂಪಾಗಿದ್ದು ಕಿವಿ ಮಸುಕಾಗುತ್ತದೆ. 2.2, 2.5ಕ್ಕೆ ಇಟ್ಟು ನೋಡಿ. ಎಫ್ 1.8ರ ಲೆನ್ಸ್ ಇದ್ದ ಮಾತ್ರಕ್ಕೆ ಯಾವಾಗಲೂ 1.8ರಲ್ಲೇ ತೆಗೆಯಬೇಕು ಅಂತೇನಿಲ್ಲ.

50 ಅಥವಾ 35? ಟೇಪ್ ಹಚ್ಚಿ ನೋಡಿ

ಬೆಳಕಿನ ತೊಂದರೆ ಇರುವವರಿಗೆ ಎಲ್ಲರೂ ಹೇಳುವುದು 50 ಎಂಎಂ ಎಫ್ 1.8. ಕ್ಯಾನನ್‌ನ 50 ಎಸ್‌ಟಿಎಂ 2015ರಲ್ಲಿ ಬಂತು, ಹೊಸದು ಹತ್ತು ಸಾವಿರದ ಆಸುಪಾಸು. ಒಳ್ಳೆಯ ಲೆನ್ಸ್. ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ.

ನಮ್ಮ ಕ್ಯಾಮೆರಾಗಳ ಸೆನ್ಸರ್ ಫುಲ್ ಫ್ರೇಮ್‌ಗಿಂತ, ಅಂದರೆ ಹಳೆಯ ಫಿಲ್ಮ್ ರೀಲಿನ ಅಳತೆಯ ಸೆನ್ಸರಿಗಿಂತ, ಚಿಕ್ಕದು. ನಿಕಾನ್‌ನಲ್ಲಿ 1.5, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. 50 ಅನ್ನೋದು 75 ಅಥವಾ 80ರ ಥರ ನೋಡುತ್ತದೆ. ಮನೆಯ ಹಾಲ್‌ನಲ್ಲಿ ಹತ್ತಡಿ ದೂರ ನಿಂತು, ಕ್ಯಾಮೆರಾವನ್ನು ಉದ್ದುದ್ದಕ್ಕೆ ತಿರುಗಿಸಿ ಹಿಡಿದರೂ 50ರಲ್ಲಿ ಸಿಗುವುದು ನಾಲ್ಕೂವರೆ ಅಡಿ ಎತ್ತರ. ನಿಮ್ಮ ಅಜ್ಜಿ ಕುರ್ಚಿಯಲ್ಲಿ ಕೂತಿದ್ದರೆ ಸರಿ, ನಿಂತರೆ ಕಾಲು ಕತ್ತರಿಸಿಹೋಗುತ್ತದೆ. 35ರಲ್ಲಿ ಅದೇ ಜಾಗದಿಂದ ಆರೂವರೆ ಅಡಿ ಸಿಗುತ್ತದೆ, ಆಳು ಪೂರ್ತಿ ಬರುತ್ತಾರೆ. ಕ್ಯಾನನ್‌ನ 24 ಎಂಎಂ ಎಫ್ 2.8 ಅಂತ ಬಿಸ್ಕತ್ತಿನಷ್ಟು ತೆಳ್ಳಗಿನ ಲೆನ್ಸ್ ಇದೆ. ಅದರಲ್ಲಿ ಒಂಬತ್ತಡಿಯ ತನಕ ಸಿಗುತ್ತದೆ, ಅಂದರೆ ಕ್ಯಾಮೆರಾ ಅಡ್ಡ ಹಿಡಿದರೆ ನಾಲ್ಕೈದು ಜನ ಸಾಲಾಗಿ ನಿಲ್ಲಬಹುದು. ಹುಟ್ಟುಹಬ್ಬ, ನಾಮಕರಣ, ಮಕ್ಕಳು, ಬೆಕ್ಕು ಇವೇ ನಿಮ್ಮ ವಿಷಯವಾದರೆ 50 ಬೇಡ. ನಿಕಾನ್‌ನವರು ಡಿಎಕ್ಸ್ 35 ಎಫ್ 1.8 ನೋಡಿ. ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಸಿಗುತ್ತದೆ. ಯಕ್ಷಗಾನದ ಆಟಕ್ಕೆ ಹೋಗುವವರಿಗೆ ಮಾತ್ರ 50 ಹೇಳಿ ಮಾಡಿಸಿದ್ದು. ರಂಗಸ್ಥಳದಿಂದ ಇಪ್ಪತ್ತಡಿ ದೂರ ಕೂತರೆ ಕಿರೀಟದ ತುದಿಯಿಂದ ಗೆಜ್ಜೆಯ ತನಕ ಪೂರ್ತಿ ವೇಷ ಸಿಗುತ್ತದೆ.

ಕೊಳ್ಳುವ ಮೊದಲು ಒಂದು ವಾರ ಹೀಗೆ ಮಾಡಿ. ಕಿಟ್ ಲೆನ್ಸಿನ ಝೂಮ್ ರಿಂಗನ್ನು 35ಕ್ಕೆ ತಿರುಗಿಸಿ, ಮೇಲೆ ಒಂದು ತುಂಡು ಟೇಪ್ ಹಚ್ಚಿ. ವಾರ ಪೂರ್ತಿ ಅದರಲ್ಲೇ ತೆಗೆಯಿರಿ. ಮುಂದಿನ ವಾರ 50. ಯಾವ ವಾರ ಹೆಚ್ಚು ಸಲ ಟೇಪ್ ಕೀಳಬೇಕು ಅನ್ನಿಸಿತೋ ಆ ಲೆನ್ಸ್ ನಿಮಗಲ್ಲ. ಖರ್ಚು ಒಂದು ಅಂಗುಲ ಟೇಪು.

ಕೂರುತ್ತಾ ಇಲ್ವಾ?

ಇದು ಬೇಜಾರಿನ ಭಾಗ, ಆದರೆ ದುಡ್ಡು ಹೋಗುವುದು ಇಲ್ಲೇ.

ಕ್ಯಾನನ್ ಡಿಎಸ್‌ಎಲ್‌ಆರ್‌ನವರಿಗೆ ಸುಲಭ. ಲೆನ್ಸ್ ಕೂರುವ ಜಾಗದಲ್ಲಿ ಕೆಂಪು ಚುಕ್ಕೆ ಮತ್ತು ಬಿಳಿ ಚೌಕ ಎರಡೂ ಇದ್ದರೆ ಇಎಫ್, ಇಎಫ್-ಎಸ್ ಎರಡೂ ಬಗೆಯವು ಕೂರುತ್ತವೆ. ಫೋಕಸ್ ಮೋಟರ್ ಲೆನ್ಸಿನಲ್ಲೇ ಇರುವುದರಿಂದ ಹಳೆಯದಾದರೂ ಆಟೋಫೋಕಸ್ ಆಗುತ್ತದೆ.

ನಿಕಾನ್‌ನಲ್ಲಿ ಹುಷಾರು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ, ಅಂದರೆ ಡಿ3300, ಡಿ5300, ಡಿ5600 ಮುಂತಾದವುಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ 50 ಎಫ್ 1.8ಡಿ ತಂದರೆ ಕೂರುವುದೇನೋ ಕೂರುತ್ತದೆ, ಫೋಕಸ್ ಕೈಯಲ್ಲೇ ತಿರುಗಿಸಬೇಕು. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇರಲೇಬೇಕು. ಎಎಫ್-ಪಿಗೂ ಒಂದು ಷರತ್ತಿದೆ: ಡಿ3200, ಡಿ5100ರಂಥ ಹಳೆಯ ಬಾಡಿಗಳಲ್ಲಿ ಅದು ಫೋಕಸ್ ಮಾಡುವುದಿಲ್ಲ, ಕೈಯಲ್ಲಿ ತಿರುಗಿಸಿದರೂ ಇಲ್ಲ. ಡಿ3300, ಡಿ5300ಗಳಿಗೆ ಫರ್ಮ್‌ವೇರ್ ಅಪ್‌ಡೇಟ್ ಹಾಕಿಕೊಂಡರೆ ನಡೆಯುತ್ತದೆ.

ಮುಂದೆ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಹೋಗುವ ಯೋಚನೆ ಇದೆಯಾ? ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಗಳಲ್ಲಿ, ನಿಕಾನ್ ಎಎಫ್-ಎಸ್ ಲೆನ್ಸ್‌ಗಳು ಎಫ್‌ಟಿಝೆಡ್ ಅಡಾಪ್ಟರ್ ಹಾಕಿದರೆ ಝೆಡ್ ಬಾಡಿಗಳಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ಎಲ್ಲರೂ ಮಿರರ್‌ಲೆಸ್ ಕಡೆ ಓಡುತ್ತಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ರಾಶಿ ಬಿದ್ದಿವೆ. ಕಮ್ಮಿ ಬಜೆಟ್‌ನವರಿಗೆ ಇದು ಸುಗ್ಗಿ.

ದೂರದ್ದು ಬೇಕಾದವರಿಗೆ

ನನ್ನ ಮೊದಲ ತಪ್ಪು ಇಲ್ಲೇ ಆಗಿದ್ದು. 300 ಅನ್ನೋ ಅಂಕೆ ನೋಡಿ, ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇಲ್ಲದ ಒಂದು 70-300 ತಂದೆ. ಯಾವ ಕಂಪನಿ ಅಂತ ಬೇಡ ಬಿಡಿ. ಕಡಿಮೆ ಬೆಲೆ, ದೊಡ್ಡ ಡಬ್ಬಿ, ತುಂಬಾ ಖುಷಿ. ಬೆಳಗ್ಗೆ ಆರೂವರೆಗೆ ಕೆರೆ ಏರಿಯ ಮೇಲೆ ನಿಂತು ಮಿಂಚುಳ್ಳಿಯ ಎಂಬತ್ತು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಎಂಬತ್ತೂ ಅಲುಗಾಡಿದ್ದವು. ತಂತಿಯ ಮೇಲೆ ಒಂದು ನೀಲಿ ಮುದ್ದೆ, ಅಷ್ಟೇ.

ಕಾರಣ ಆಮೇಲೆ ತಿಳಿಯಿತು. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ ಕನಿಷ್ಠ ಫೋಕಲ್ ಲೆಂತಿನಷ್ಟಾದರೂ ಇರಬೇಕು ಅನ್ನೋದು ರೂಢಿ. 300ನ್ನು 1.5ರಿಂದ ಗುಣಿಸಿ, 450. ಅಂದರೆ 1/500. ಬೆಳಗಿನ ಆ ಬೆಳಕಿನಲ್ಲಿ ಎಫ್ 5.6 ಇಟ್ಟು 1/500 ಎಲ್ಲಿಂದ ಬರಬೇಕು?

ಹಾಗಾಗಿ ಕ್ಯಾನನ್‌ನಲ್ಲಿ ಐಎಸ್, ನಿಕಾನ್‌ನಲ್ಲಿ ವಿಆರ್, ಟ್ಯಾಮ್ರಾನ್‌ನಲ್ಲಿ ವಿಸಿ ಅನ್ನುವ ಅಕ್ಷರಗಳಿಲ್ಲದ ದೂರದ ಲೆನ್ಸನ್ನು ಮುಟ್ಟಲೇಬೇಡಿ. ಕ್ಯಾನನ್‌ನವರಿಗೆ 55-250 ಐಎಸ್ ಎಸ್‌ಟಿಎಂ ಕಣ್ಣು ಮುಚ್ಚಿ ಹೇಳಬಹುದಾದದ್ದು: ಹಗುರ, ಚೂಪು, ಸೆಕೆಂಡ್ ಹ್ಯಾಂಡ್ ಸಿಗುವುದೂ ಸುಲಭ. ಇದಕ್ಕೂ ಹಳೆಯ ಎಸ್‌ಟಿಎಂ ಅಲ್ಲದ 55-250 ಇವೆ, ಅವುಗಳ ಫೋಕಸ್ ನಿಧಾನ. ನಿಕಾನ್‌ನವರಿಗೆ ಎಎಫ್-ಪಿ ಡಿಎಕ್ಸ್ 70-300 ವಿಆರ್. ಇದೇ ಲೆನ್ಸ್ ವಿಆರ್ ಇಲ್ಲದೆಯೂ ಬಂದಿದೆ, ನೋಡಲು ಒಂದೇ ಥರ. ಮಾರುವವರು ಫೋಟೋ ಕಳಿಸಿದಾಗ ಲೆನ್ಸ್ ಮೇಲಿನ ಹೆಸರನ್ನು ಕೊನೆಯ ಅಕ್ಷರದ ತನಕ ಓದಿ.

ಸ್ಟೆಬಿಲೈಸೇಶನ್ ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ 1/1000 ಬೇಕೇ ಬೇಕು. ಅದಕ್ಕೆ ಬಿಸಿಲು ಬೇಕು.

250 ಸಾಕಾಗುತ್ತಾ? ಜಾಗದ ಮೇಲೆ ಹೋಗುತ್ತದೆ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತದೆ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ 250 ಜಾಸ್ತಿಯೇ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳ ಮೇಲೇ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ, ರಸ್ತೆಯಲ್ಲೇ ನಿಂತು ತೆಗೆಯಬಹುದು. ಕಬಿನಿ, ಬಂಡೀಪುರದ ಸಫಾರಿಯಲ್ಲಿ ಮಾತ್ರ 250 ಸಾಲುವುದಿಲ್ಲ. ಅಂಥ ಪ್ರವಾಸ ವರ್ಷಕ್ಕೆ ಒಂದೋ ಎರಡೋ ಅಲ್ವಾ? ಬೆಂಗಳೂರು, ಮೈಸೂರಿನಲ್ಲಿ 150-600 ಲೆನ್ಸ್ ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಹೆಚ್ಚುಕಡಿಮೆ ಎರಡು ಕೇಜಿ ಭಾರದ ಲೆನ್ಸ್ ಅದು. ಎರಡು ದಿನ ಹೊತ್ತು ನೋಡಿದರೆ ಕೊಳ್ಳುವ ಆಸೆ ತಾನಾಗಿಯೇ ಇಳಿಯುವುದೂ ಉಂಟು.

ಅಗಲ, ಹತ್ತಿರ

ಅಗಲಕ್ಕೆ ನಾನು ಲೆನ್ಸ್ ಕೊಳ್ಳಿ ಅನ್ನುವುದಿಲ್ಲ. ಕ್ಯಾಮೆರಾ ಉದ್ದ ಹಿಡಿದು, ಕಿಟ್ ಲೆನ್ಸ್‌ನಲ್ಲಿ ಎಡದಿಂದ ಬಲಕ್ಕೆ ಐದಾರು ಫೋಟೋ ತೆಗೆಯಿರಿ, ಒಂದರ ಮೂರನೇ ಒಂದು ಭಾಗ ಇನ್ನೊಂದರಲ್ಲೂ ಬರಲಿ. ಕಂಪ್ಯೂಟರ್‌ನಲ್ಲಿ ಜೋಡಿಸುವ ಉಚಿತ ಸಾಫ್ಟ್‌ವೇರ್ ಇವೆ. ಬೆಟ್ಟ, ಗುಡಿ, ಜಲಪಾತಕ್ಕೆಲ್ಲ ಸಾಕು. ಹಳೆಯ ಮನೆಗಳ ಒಳಗನ್ನು ತೆಗೆಯುವ ಹುಚ್ಚು ಇದ್ದರೆ ಮಾತ್ರ ಕ್ಯಾನನ್‌ನ 10-18 ನೋಡಿ.

ಹತ್ತಿರದ್ದಕ್ಕೆ ಇನ್ನೂ ಕಡಿಮೆ ಖರ್ಚು. ಮ್ಯಾಕ್ರೋ ಲೆನ್ಸ್ ದುಬಾರಿ, ಆದರೆ ಕೆಲವು ನೂರು ರೂಪಾಯಿಗೆ ರಿವರ್ಸ್ ರಿಂಗ್ ಸಿಗುತ್ತದೆ. ಅದರಿಂದ ಕಿಟ್ ಲೆನ್ಸನ್ನು ಹಿಂದುಮುಂದಾಗಿ ಕೂರಿಸಿ, 18ಕ್ಕೆ ತಿರುಗಿಸಿ ನೋಡಿ: ಇರುವೆಯ ತಲೆ ಫ್ರೇಮಿನಲ್ಲಿ ದೊಡ್ಡದಾಗಿ ನಿಲ್ಲುತ್ತದೆ. ಝೂಮ್ ಜಾಸ್ತಿ ಮಾಡಿದಷ್ಟೂ ದೊಡ್ಡದು ಕಡಿಮೆಯಾಗುತ್ತದೆ, ಎಲ್ಲ ಉಲ್ಟಾ. ಕ್ಯಾಮೆರಾಗೂ ಲೆನ್ಸಿಗೂ ಸಂಪರ್ಕ ತಪ್ಪುವುದರಿಂದ ಅಪರ್ಚರ್ ಬದಲಿಸಲು ಆಗುವುದಿಲ್ಲ. ಕ್ಯಾನನ್‌ನಲ್ಲಿ ಒಂದು ಉಪಾಯ ಇದೆ. ಲೆನ್ಸ್ ನೇರವಾಗಿ ಕೂತಿರುವಾಗಲೇ ಎಫ್ 8 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿ. ಕಿಂಡಿ ಆ ಅಳತೆಯಲ್ಲೇ ನಿಂತುಬಿಡುತ್ತದೆ.

ಇದು ಕಿರಿಕಿರಿ ಅನ್ನಿಸಿದರೆ ಎಕ್ಸ್‌ಟೆನ್ಶನ್ ಟ್ಯೂಬ್ ತಗೊಳ್ಳಿ. ಒಳಗೆ ಗಾಜಿಲ್ಲದ ಖಾಲಿ ಕೊಳವೆ. ಹಿತ್ತಾಳೆ ಬಣ್ಣದ ಸಂಪರ್ಕದ ಪಿನ್‌ಗಳು ಇರುವುದನ್ನೇ ಕೇಳಿ, ಪಿನ್ ಇಲ್ಲದ್ದು ತೀರಾ ಅಗ್ಗ, ಆದರೆ ಅದೂ ರಿವರ್ಸ್ ರಿಂಗಿನದೇ ಗೋಳು. 50 ಎಂಎಂ ಲೆನ್ಸ್ ಹಿಂದೆ 25 ಎಂಎಂ ಕೊಳವೆ ಹಾಕಿದರೆ ಚಿಟ್ಟೆಯ ರೆಕ್ಕೆಯ ಹುಡಿ ಕಾಣುವಷ್ಟು ಹತ್ತಿರ ಹೋಗಬಹುದು. ಬೆಳಕಿಗೆ ಕ್ಯಾಮೆರಾದ ಫ್ಲ್ಯಾಶ್ ಎದುರು ಒಂದು ತುಂಡು ಬಿಳಿ ಥರ್ಮೋಕೋಲ್ ಹಾಳೆ ಕಟ್ಟಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಟಾರ್ಚ್ ಇರಲಿ

ಎರಡನೇ ತಪ್ಪು. ಒಬ್ಬರ ಹತ್ತಿರ ಒಂದು ಲೆನ್ಸ್ ಅರ್ಧ ಬೆಲೆಗೆ ಸಿಕ್ಕಿತು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಗಾಜು ಫಳಫಳ. ಮನೆಗೆ ತಂದ ಮೂರನೇ ದಿನ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಅದರೊಳಗೆ ಬಿತ್ತು. ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಥರ ಬಿಳಿ ಎಳೆಗಳು. ಫಂಗಸ್. ನಮ್ಮ ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಹಿಡಿಯುವ ಬೂಸ್ಟೇ ಇದು, ಲೆನ್ಸ್ ಒಳಗೂ ಹಿಡಿಯುತ್ತದೆ. ಬಿಚ್ಚಿ ತೊಳೆಸಬಹುದು, ಆದರೆ ಬೇರು ಕೋಟಿಂಗ್ ತಿಂದಿದ್ದರೆ ಕಲೆ ಉಳಿಯುತ್ತದೆ. ಅಗ್ಗದ ಲೆನ್ಸಿಗೆ ಆ ಕೂಲಿ ಕೊಡುವುದೂ ದಂಡ.

ಈಗ ನಾನು ಹೀಗೆ ನೋಡುತ್ತೇನೆ. ಎರಡೂ ಕಡೆಯ ಕ್ಯಾಪ್ ತೆಗೆದು, ಕತ್ತಲಿನ ಮೂಲೆಗೆ ಹೋಗಿ, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡುವುದು. ಆಮೇಲೆ ಅದನ್ನೇ ತಿರುಗಿಸಿ. ನಾಲ್ಕಾರು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ಲೆನ್ಸಲ್ಲೂ ಇರುತ್ತವೆ, ಫೋಟೋದಲ್ಲಿ ಬರುವುದಿಲ್ಲ. ಎಳೆ ಎಳೆಯಾಗಿ ಕಂಡರೆ ಅಥವಾ ಪೂರ್ತಿ ಮಂಜು ಕವಿದಂತಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಹಿಂದಿನ ಗಾಜಿನ ಗೀರು ಮುಂದಿನ ಗಾಜಿನ ಗೀರಿಗಿಂತ ಕೆಟ್ಟದ್ದು. ಮೌಂಟಿನ ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ: ಸ್ಟೆಬಿಲೈಸೇಶನ್ ಇರುವ ಲೆನ್ಸ್ ಸ್ವಲ್ಪ ಕಟಕಟ ಅನ್ನುವುದು ಸಹಜ, 50ರಂಥದ್ದು ಅನ್ನಬಾರದು.

ಆಮೇಲೆ ನಿಮ್ಮ ಕ್ಯಾಮೆರಾಗೇ ಹಾಕಿ. ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ, ಅತಿ ಚಿಕ್ಕ ಎಫ್ ಅಂಕೆಯಲ್ಲೊಂದು, ಎಫ್ 8ರಲ್ಲೊಂದು ತೆಗೆಯಿರಿ. ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ಒಂದೇ ಮೂಲೆ ಮಾತ್ರ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದಿರಬಹುದು. ಮೊದಲು ವ್ಯೂಫೈಂಡರ್‌ನಲ್ಲಿ, ಆಮೇಲೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ಒಂದೇ ಅಕ್ಷರಕ್ಕೆ ಫೋಕಸ್ ಮಾಡಿ. ಎರಡರಲ್ಲೂ ಅಕ್ಷರ ಒಂದೇ ಥರ ಚೂಪಾಗಿರಬೇಕು. ಲೈವ್ ವ್ಯೂದು ಮಾತ್ರ ಚೂಪಾಗಿದ್ದರೆ ಆ ಲೆನ್ಸಿಗೂ ನಿಮ್ಮ ಬಾಡಿಗೂ ಹೊಂದಾಣಿಕೆ ಇಲ್ಲ. ಹೊಸ ಲೆನ್ಸಿಗೂ ಈ ಪರೀಕ್ಷೆ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ.

ದುಡ್ಡು ಹಂಚುವುದು

ಕೈಯಲ್ಲಿ ಎರಡು ಸಾವಿರ ಇದ್ದರೆ ಪಿನ್ ಇರುವ ಎಕ್ಸ್‌ಟೆನ್ಶನ್ ಟ್ಯೂಬ್, ಒಂದು ರಿವರ್ಸ್ ರಿಂಗ್. ಹತ್ತು ಹನ್ನೆರಡು ಸಾವಿರ ಇದ್ದರೆ ಒಂದು ಪ್ರೈಮ್ (35, 50ರಂಥ ಝೂಮ್ ಆಗದ ಲೆನ್ಸ್), ಮೇಲಿನ ಟೇಪ್ ಪರೀಕ್ಷೆ ಹೇಳಿದ್ದು. ಇಪ್ಪತ್ತು ಸಾವಿರದ ಹತ್ತಿರ ಇದ್ದರೆ ಪ್ರೈಮ್ ಜೊತೆ ಸೆಕೆಂಡ್ ಹ್ಯಾಂಡ್ ದೂರದ ಲೆನ್ಸ್ ಆಗುತ್ತದೆ. ಎಲ್ಲವನ್ನೂ ಲೆನ್ಸಿಗೇ ಸುರಿಯಬೇಡಿ, ಒಂದು ಸಾವಿರ ಉಳಿಸಿ. ಕ್ಯಾನನ್ 50ರ ಜೊತೆ ಹುಡ್ (ಲೆನ್ಸ್ ಮೂತಿಗೆ ಹಾಕುವ ಬಳೆಯಂಥ ಮರೆ) ಬರುವುದಿಲ್ಲ, ಬೇರೆ ಕೊಳ್ಳಬೇಕು. ಅಡ್ಡ ಬೆಳಕನ್ನೂ ತಡೆಯುತ್ತದೆ, ಲೆನ್ಸ್ ಬಿದ್ದಾಗ ಪೆಟ್ಟನ್ನೂ ತಾನೇ ತಿನ್ನುತ್ತದೆ. ಅಗ್ಗದ ಯುವಿ ಫಿಲ್ಟರ್ ಹಾಕಿ ರಾತ್ರಿ ದೀಪದ ಫೋಟೋದಲ್ಲಿ ಹಸಿರು ಚುಕ್ಕೆ ಬರಿಸಿಕೊಳ್ಳುವುದಕ್ಕಿಂತ ಹುಡ್ ಮೇಲು.

ಆ ಸಾವಿರದಲ್ಲೇ ರಬ್ಬರ್ ಅಂಚಿನ, ಗಾಳಿ ಆಡದ ಒಂದು ಪ್ಲಾಸ್ಟಿಕ್ ಡಬ್ಬಿ, ಕಾಲು ಕೇಜಿ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ ಬರುತ್ತದೆ. ತೇವ ನೂರಕ್ಕೆ 40ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಸಿರಾದರೆ ನೀರು ಕುಡಿದಿದೆ ಅಂತ ಅರ್ಥ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಮತ್ತೆ ಕಿತ್ತಳೆ ಆಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ವಾಪಸ್ ಇಡಬೇಡಿ. ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಇಡಿ ಅನ್ನುವವರ ಮಾತು ಕೇಳಬೇಡಿ, ಅಕ್ಕಿ ಹುಡಿ ಫೋಕಸ್ ರಿಂಗ್ ಸೇರುತ್ತದೆ. ಕ್ಯಾಮೆರಾ ಬ್ಯಾಗಿನ ಸ್ಪಂಜಿನಲ್ಲಿ ಮಳೆಗಾಲ ಪೂರ್ತಿ ಬಿಡುವುದು ಅದಕ್ಕಿಂತ ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು, ಬಿಸಿಲು ಬಂದ ದಿನ ಕಿಟಕಿ ಪಕ್ಕ ಕೂತು ಹತ್ತು ಫೋಟೋ ತೆಗೆಯಿರಿ.

ಬಿಲ್ಲು, ಡಬ್ಬಿ, ಎರಡೂ ಕ್ಯಾಪ್ ಎತ್ತಿಡಿ. ಎರಡು ವರ್ಷದ ನಂತರ ನಿಮ್ಮ ಲೆನ್ಸ್ ಕೊಳ್ಳಲು ಬರುವವರೂ ಟಾರ್ಚ್ ಹಿಡಿದುಕೊಂಡೇ ಬರುತ್ತಾರೆ.